ಯಾವ ಕಂಪನಿಯ ಹಾರ್ಡ್ ಡಿಸ್ಕ್ ಹೆಚ್ಚು ಬಾಳುತ್ತದೆ?

ಪ್ರಶ್ನೆ: ಹೊಸ ಹಾರ್ಡ್ ಡಿಸ್ಕ್ ಕೊಳ್ಳಬೇಕು. ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ – ಈ ಮೂರರಲ್ಲಿ ಯಾವುದು ಬಾಳಿಕೆ ಬರುತ್ತದೆ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಕೆಟ್ಟುಹೋದ ಒಂದೆರಡು ಡಿಸ್ಕ್ ನೋಡಿ ಇಡೀ ಕಂಪನಿಯನ್ನು ಅಳೆಯುವುದರಿಂದ ಹಾಗಾಗುತ್ತದೆ. ಹೋಲಿಸಬೇಕಾದ್ದು ಮಾಡೆಲ್ ನಂಬರನ್ನು. ಕಂಪನಿಯ ಹೆಸರಿನಿಂದ ತಿಳಿಯುವುದು ಬಹಳ ಕಡಿಮೆ.

ಚರಿತ್ರೆಯನ್ನೇ ನೋಡಿ. 2000ನೇ ಇಸವಿಯಲ್ಲಿ ಬಂದ ಐಬಿಎಂನ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಎಷ್ಟು ಕೆಟ್ಟಿತೆಂದರೆ ಜನ ಅದಕ್ಕೆ ‘ಡೆತ್‌ಸ್ಟಾರ್’ ಎಂದೇ ಹೆಸರಿಟ್ಟರು. ಐಬಿಎಂ ತನ್ನ ಡಿಸ್ಕ್ ವಿಭಾಗವನ್ನು ಹಿಟಾಚಿಗೆ ಮಾರಿತು. 2012ರಲ್ಲಿ ಅದು ವೆಸ್ಟರ್ನ್ ಡಿಜಿಟಲ್ ಪಾಲಾಯಿತು. ಅದೇ ವಂಶದ ಎಚ್‌ಜಿಎಸ್‌ಟಿ (ಹಿಟಾಚಿಯ ಆ ವಿಭಾಗದ ಹೆಸರು) ಡಿಸ್ಕ್‌ಗಳು ಮುಂದೆ, ಅಮೆರಿಕದ ಆನ್‌ಲೈನ್ ಬ್ಯಾಕಪ್ ಕಂಪನಿ ಬ್ಯಾಕ್‌ಬ್ಲೇಜ್ 2013ರಿಂದ ಪ್ರಕಟಿಸುತ್ತಿರುವ ಅಂಕಿಅಂಶಗಳಲ್ಲಿ ಅತಿ ಕಡಿಮೆ ಕೆಡುವವುಗಳ ಸಾಲಿಗೆ ಸೇರಿದವು. ಸೀಗೇಟ್‌ನದೂ ಇಂಥದೇ ಕಥೆ. ಅದರ 3 ಟಿಬಿಯ ಎಸ್‌ಟಿ3000ಡಿಎಂ001 ಬ್ಯಾಕ್‌ಬ್ಲೇಜ್‌ನಲ್ಲಿ ಸಾಲುಸಾಲಾಗಿ ಸತ್ತಿತು. ಅದರ ಬೆನ್ನಿಗೇ ಬಂದ 4 ಟಿಬಿಯ ಎಸ್‌ಟಿ4000ಡಿಎಂ000 ಅಲ್ಲೇ ಹತ್ತಾರು ಸಾವಿರ ಸಂಖ್ಯೆಯಲ್ಲಿ ವರ್ಷಗಟ್ಟಲೆ ಓಡಿತು. ಎರಡಕ್ಕೂ ಒಂದೇ ಲೇಬಲ್!

ತಿರುಗುವ ಡಿಸ್ಕ್ ತಯಾರಿಸುವವರು ಈಗ ಉಳಿದಿರುವುದೇ ಈ ಮೂವರು. ಮ್ಯಾಕ್ಸ್‌ಟರ್ ಮತ್ತು ಸ್ಯಾಮ್‌ಸಂಗ್‌ನ ಡಿಸ್ಕ್ ವಿಭಾಗ ಸೀಗೇಟ್‌ಗೆ ಹೋದವು, ಫುಜಿತ್ಸುವಿನದು ತೋಷಿಬಾಕ್ಕೆ. ಮೂವರ ಬಳಿಯೂ ಅಗ್ಗದ ಡೆಸ್ಕ್‌ಟಾಪ್ ದರ್ಜೆ, ನ್ಯಾಸ್ (ಹಲವು ಡಿಸ್ಕ್ ಕೂಡಿಸಿ ಜಾಲಕ್ಕೆ ಜೋಡಿಸುವ ಪೆಟ್ಟಿಗೆ) ದರ್ಜೆ, ಎಂಟರ್‌ಪ್ರೈಸ್ (ಡೇಟಾ ಸೆಂಟರ್) ದರ್ಜೆ ಇವೆ. ವ್ಯತ್ಯಾಸ ಕಾಣುವುದು ಈ ದರ್ಜೆಗಳ ನಡುವೆ. ಡೆಸ್ಕ್‌ಟಾಪ್ ಡಿಸ್ಕ್‌ಗೆ ಸಾಮಾನ್ಯವಾಗಿ ವರ್ಷಕ್ಕೆ 55 ಟಿಬಿ ಓದು-ಬರಹದ ಮಿತಿ, 2 ವರ್ಷದ ವಾರಂಟಿ. ನ್ಯಾಸ್ ದರ್ಜೆಗೆ 180 ಟಿಬಿ, 3 ವರ್ಷ. ಎಂಟರ್‌ಪ್ರೈಸ್‌ಗೆ 550 ಟಿಬಿ, 5 ವರ್ಷ. ಕಂಪನಿ ತನ್ನ ಡಿಸ್ಕನ್ನು ತಾನೇ ಎಷ್ಟು ನಂಬುತ್ತದೆ ಎಂಬುದು ವಾರಂಟಿಯಲ್ಲಿ ಗೊತ್ತಾಗುತ್ತದೆ. ಸೀಗೇಟ್‌ನ ಐರನ್‌ವುಲ್ಫ್, ವೆಸ್ಟರ್ನ್ ಡಿಜಿಟಲ್‌ನ ರೆಡ್ ಪ್ಲಸ್, ತೋಷಿಬಾದ ಎನ್300 – ಈ ಮೂರು ನ್ಯಾಸ್ ಡಿಸ್ಕ್‌ಗಳಲ್ಲಿ ಯಾವುದು ಕೈಗೆಟುಕಿದರೂ ತೆಗೆದುಕೊಳ್ಳಿ. ಇದೇ ಕಂಪನಿ ಬೇಕೆಂದು ಹಟ ಹಿಡಿದು ಡೆಸ್ಕ್‌ಟಾಪ್ ದರ್ಜೆಗೆ ಇಳಿಯುವುದಕ್ಕಿಂತ ಅದು ಎಷ್ಟೋ ಮೇಲು.

ಪ್ರಶ್ನೆ: ಡಿಸ್ಕಿನ ವಿವರಪತ್ರದಲ್ಲಿ ‘ಎಂಟಿಬಿಎಫ್ 10 ಲಕ್ಷ ಗಂಟೆ’ ಎಂದಿದೆ. ಲೆಕ್ಕ ಹಾಕಿದರೆ 114 ವರ್ಷ! ಇದನ್ನು ನಂಬುವುದೇ?

ಉತ್ತರ: ಎಂಟಿಬಿಎಫ್ ಎಂದರೆ ಎರಡು ಕೆಡುವಿಕೆಗಳ ನಡುವಿನ ಸರಾಸರಿ ಅವಧಿ. ಅದು ಒಂದು ಡಿಸ್ಕಿನ ಆಯಸ್ಸಲ್ಲ, ಗುಂಪಿನ ಲೆಕ್ಕ. ವರ್ಷಕ್ಕೆ 8,760 ಗಂಟೆ. ಅದನ್ನು 10 ಲಕ್ಷದಿಂದ ಭಾಗಿಸಿದರೆ 0.88 ಶೇಕಡ. ಅಂದರೆ 1,000 ಡಿಸ್ಕ್ ಒಂದು ವರ್ಷ ಓಡಿದರೆ ಸುಮಾರು 9 ಕೆಡಬಹುದು ಎಂದರ್ಥ. ಅದೂ ಡಿಸ್ಕ್ ತನ್ನ ಪ್ರಾಯದಲ್ಲಿರುವವರೆಗೆ ಮಾತ್ರ. ವಾಸ್ತವ ಇದಕ್ಕಿಂತ ತುಸು ಕಠಿಣ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ದೊಡ್ಡ ದೊಡ್ಡ ಕೇಂದ್ರಗಳ ದಾಖಲೆ ಪರಿಶೀಲಿಸಿದಾಗ ವರ್ಷಕ್ಕೆ 2ರಿಂದ 4 ಶೇಕಡ ಡಿಸ್ಕ್‌ಗಳನ್ನು ಬದಲಿಸುವುದು ಸಾಮಾನ್ಯವಾಗಿತ್ತು. ಬ್ಯಾಕ್‌ಬ್ಲೇಜ್‌ನಲ್ಲಿ ಡಿಸ್ಕ್‌ಗಳು ವರ್ಷಕ್ಕೆ ಕೆಡುವ ಒಟ್ಟಾರೆ ದರ 2021ರಲ್ಲಿ 1.01, 2022ರಲ್ಲಿ 1.37, 2023ರಲ್ಲಿ 1.70, 2024ರಲ್ಲಿ 1.57 ಶೇಕಡ.

ಪ್ರಶ್ನೆ: ಬ್ಯಾಕ್‌ಬ್ಲೇಜ್ ಪಟ್ಟಿಯಲ್ಲಿ ಒಂದು ಮಾಡೆಲ್‌ಗೆ 6 ಶೇಕಡಕ್ಕೂ ಹೆಚ್ಚು, ಪಕ್ಕದ್ದಕ್ಕೆ 2ಕ್ಕೂ ಕಡಿಮೆ ಎಂದಿದ್ದರೆ ಮೊದಲನೆಯದನ್ನು ಕೈಬಿಡಬೇಕೇ?

ಉತ್ತರ: ಮೊದಲು ‘ಡ್ರೈವ್ ಡೇಸ್’ ಎಂಬ ಕಾಲಂ ನೋಡಿ. ದರ ಬರುವುದು ಹೀಗೆ: ಡಿಸ್ಕ್‌ಗಳು ಓಡಿದ ಒಟ್ಟು ದಿನಗಳನ್ನು 365ರಿಂದ ಭಾಗಿಸಿ ‘ಡಿಸ್ಕ್-ವರ್ಷ’ ಮಾಡಿಕೊಳ್ಳಬೇಕು, ಕೆಟ್ಟವುಗಳ ಸಂಖ್ಯೆಯನ್ನು ಅದರಿಂದ ಭಾಗಿಸಿ 100ರಿಂದ ಗುಣಿಸಬೇಕು. 1,200 ಡಿಸ್ಕ್‌ಗಳು 91 ದಿನ ಓಡಿ 5 ಕೆಟ್ಟರೆ ಸುಮಾರು 299 ಡಿಸ್ಕ್-ವರ್ಷ, ದರ 1.67. ಬರೇ 60 ಡಿಸ್ಕ್‌ಗಳು ಅಷ್ಟೇ ದಿನ ಓಡಿ ಒಂದೇ ಒಂದು ಕೆಟ್ಟರೂ ದರ 6.7ಕ್ಕೆ ಜಿಗಿಯುತ್ತದೆ. ಆ ಒಂದು ಕೆಡದಿದ್ದರೆ ಸೊನ್ನೆ! ಇಂಥ ಅಂಕಿಯ ಮೇಲೆ ತೀರ್ಪು ಕೊಡುವುದು ಅನ್ಯಾಯ. ತ್ರೈಮಾಸಿಕ ಪಟ್ಟಿಯನ್ನು ಬಿಟ್ಟು, ಆರಂಭದಿಂದ ಈವರೆಗಿನ ಒಟ್ಟು ಪಟ್ಟಿ ನೋಡಿ. ಡಿಸ್ಕ್‌ಗಳ ಸರಾಸರಿ ವಯಸ್ಸನ್ನೂ ನೋಡಿ. ಏಳು ವರ್ಷದ ಡಿಸ್ಕನ್ನು ಒಂದು ವರ್ಷದ ಡಿಸ್ಕಿನ ಜೊತೆ ಹೋಲಿಸಿದರೆ ಏನೂ ತಿಳಿಯದು.

ಇನ್ನೊಂದು ಮಾತು. ಅಲ್ಲಿನ ಡಿಸ್ಕ್‌ಗಳು ತಂಪು ಕೋಣೆಯಲ್ಲಿ, ರ‍್ಯಾಕ್‌ನಲ್ಲಿ, ಹಗಲಿರುಳು ನಿಲ್ಲದೆ ತಿರುಗುತ್ತವೆ. ಮನೆಯ ಡಿಸ್ಕ್ ದಿನಕ್ಕೆ ಹತ್ತು ಸಲ ಶುರುವಾಗಿ ನಿಲ್ಲುತ್ತದೆ, ಚೀಲದಲ್ಲಿ ಓಡಾಡುತ್ತದೆ, ಕೈಜಾರಿ ಬೀಳುತ್ತದೆ. ಎರಡು ಮಾಡೆಲ್‌ಗಳಲ್ಲಿ ಯಾವುದು ವಾಸಿ ಎಂದು ತೂಗಲು ಆ ಪಟ್ಟಿಯಷ್ಟು ಒಳ್ಳೆಯದು ಬೇರೆ ಸಿಗುವುದು ಕಷ್ಟ. ಮನೆಯ ಡಿಸ್ಕ್ ಎಷ್ಟು ವರ್ಷ ಬಾಳುತ್ತದೆ ಎನ್ನಲು ಮಾತ್ರ ಅದು ಸಾಲದು.

ಪ್ರಶ್ನೆ: ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ನನ್ನ ಸೀಗೇಟ್ ಡಿಸ್ಕ್ ‘ಗುಡ್’ ಎಂದು ತೋರಿಸುತ್ತದೆ. ಆದರೆ ‘ರೀಡ್ ಎರರ್ ರೇಟ್’, ‘ಸೀಕ್ ಎರರ್ ರೇಟ್’ ಮುಂದೆ ಕೋಟಿಗಟ್ಟಲೆ ಅಂಕಿ ಇದೆ. ಗಾಬರಿಯಾಗಿದೆ.

ಉತ್ತರ: ಆ ಎರಡು ಅಂಕಿಗೆ ಗಾಬರಿ ಬೇಡ. ಸೀಗೇಟ್ ಅಲ್ಲಿ ಎರಡು ಲೆಕ್ಕವನ್ನು ಒಟ್ಟಿಗೆ ತುಂಬಿಸುತ್ತದೆ. ಸೀಕ್ ಎರರ್‌ನ 48 ಬಿಟ್‌ಗಳಲ್ಲಿ ಮೇಲಿನ 16ರಲ್ಲಿ ತಪ್ಪುಗಳ ಸಂಖ್ಯೆ, ಕೆಳಗಿನ 32ರಲ್ಲಿ ಓದು-ಬರಹದ ಹೆಡ್ ಒಟ್ಟು ಎಷ್ಟು ಸಲ ಜಾಗ ಹುಡುಕಿತು ಎಂಬ ಸಂಖ್ಯೆ. ಅಂಕಿ 4,29,49,67,296ಕ್ಕಿಂತ ಕಡಿಮೆಯಿದ್ದರೆ ತಪ್ಪು ಸೊನ್ನೆ ಎಂದೇ ಅರ್ಥ. ಬೇರೆ ಕಂಪನಿಯ ಡಿಸ್ಕ್‌ನಲ್ಲಿ ಇದೇ ಸಾಲು ಸೊನ್ನೆ ತೋರಿಸುವುದನ್ನು ನೋಡಿ ಸೀಗೇಟ್ ಕಳಪೆ ಎಂದು ಎಷ್ಟೋ ಜನ ತಪ್ಪು ತಿಳಿದಿದ್ದಾರೆ.

ಈ ಸಾಲುಗಳೆಲ್ಲ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ಲೆಕ್ಕ. ನೀವು ನೋಡಬೇಕಾದವು ಐದು: 5 (ಮೀಸಲು ಜಾಗಕ್ಕೆ ವರ್ಗವಾದ ಸೆಕ್ಟರ್‌ಗಳು, ಅಂದರೆ ಡೇಟಾ ಇಡುವ ಚಿಕ್ಕ ತುಂಡುಗಳು), 187 (ಸರಿಪಡಿಸಲಾಗದ ತಪ್ಪುಗಳು), 188 (ಸಮಯ ಮೀರಿದ ಆದೇಶಗಳು), 197, 198 (ಪರೀಕ್ಷೆಯಲ್ಲಿ ಓದಲಾಗದ ಸೆಕ್ಟರ್‌ಗಳು). ಆ ತಂತ್ರಾಂಶ ಮೂಲ ಅಂಕಿಯನ್ನು ಹೆಕ್ಸ್‌ನಲ್ಲಿ (16ರ ಪದ್ಧತಿಯಲ್ಲಿ) ತೋರಿಸುವುದರಿಂದ ಮೊದಲು ಫಂಕ್ಷನ್ ಮೆನುವಿನ ಅಡ್ವಾನ್ಸ್‌ಡ್ ಫೀಚರ್‌ನಲ್ಲಿ ‘ರಾ ವ್ಯಾಲ್ಯೂಸ್’ ಅನ್ನು ದಶಮಾನಕ್ಕೆ ಬದಲಿಸಿಕೊಳ್ಳಿ. 197 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. ಆ ಜಾಗಕ್ಕೆ ಮತ್ತೆ ಬರೆದಾಗ ಸೆಕ್ಟರ್ ಸರಿಯಾಗಿದ್ದರೆ ಅಂಕಿ ಇಳಿಯುತ್ತದೆ. ನಿಜಕ್ಕೂ ಹಾಳಾಗಿದ್ದರೆ ಮೀಸಲು ಜಾಗಕ್ಕೆ ವರ್ಗವಾಗಿ 5ರಲ್ಲಿ ಸೇರುತ್ತದೆ. ಈ ಅಂಕಿ 8, 16, 24 ಎಂದು ಎಂಟೆಂಟರಂತೆ ಏರುವುದುಂಟು. 4,096 ಬೈಟ್‌ನ ಒಂದು ಭೌತಿಕ ಸೆಕ್ಟರ್ ಎಂದರೆ 512 ಬೈಟ್‌ನ ಎಂಟು ಸೆಕ್ಟರ್ ತಾನೇ? 5ರಲ್ಲಿ ಅಂಕಿ ವರ್ಷಗಟ್ಟಲೆ ಅಲ್ಲೇ ನಿಂತಿದ್ದರೆ ಡಿಸ್ಕ್ ಇನ್ನೂ ದುಡಿಯಬಹುದು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಇಂದೇ ನಕಲು ತೆಗೆದು ಬದಲಿಸಿ. 199 (ಡೇಟಾ ಸಾಗಣೆಯ ತಪ್ಪು) ಏರಿದರೆ ದೋಷ ಹೆಚ್ಚಾಗಿ ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸುವ ಸಾಟಾ ಕೇಬಲ್‌ನದು. ಕೇಬಲ್ ಬದಲಿಸಿದರೂ ಹಳೆಯ ಅಂಕಿ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸರಿ.

‘ಗುಡ್’ ಎಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ಗೂಗಲ್ 2007ರಲ್ಲಿ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿತು. ಕೆಟ್ಟವುಗಳಲ್ಲಿ 56 ಶೇಕಡಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಡದೆ ಸತ್ತಿದ್ದವು. ಸೂಚನೆ ಕೊಟ್ಟಾಗ ಮಾತ್ರ ಅದು ಗಟ್ಟಿ ಸೂಚನೆ: ಮೊದಲ ಸ್ಕ್ಯಾನ್ ಎರರ್ (ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸುವಾಗ ಸಿಗುವ ತಪ್ಪು) ಬಂದ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಉಳಿದವುಗಳಿಗಿಂತ 39 ಪಟ್ಟು.

ಪ್ರಶ್ನೆ: ನಾಲ್ಕು ಡಿಸ್ಕ್‌ಗಳ ನ್ಯಾಸ್‌ನಲ್ಲಿ ಒಂದು ಕೆಟ್ಟಿತು. ಹೊಸದನ್ನು ಹಾಕಿದರೆ ರೀಬಿಲ್ಡ್ (ಕೆಟ್ಟದ್ದರ ಡೇಟಾವನ್ನು ಹೊಸದರಲ್ಲಿ ಮತ್ತೆ ಕಟ್ಟುವುದು) ದಿನಗಟ್ಟಲೆ ತೆವಳುತ್ತದೆ, ಕೊನೆಗೆ ಹೊಸ ಡಿಸ್ಕನ್ನೇ ಹೊರಹಾಕುತ್ತದೆ. ಹೊಸದೂ ಕೆಟ್ಟದ್ದೇ?

ಉತ್ತರ: ಬಹುಮಟ್ಟಿಗೆ ಅದು ಎಸ್‌ಎಂಆರ್ ಡಿಸ್ಕ್ ಇರಬೇಕು. ಇದರಲ್ಲಿ ಟ್ರ್ಯಾಕ್‌ಗಳು (ಡೇಟಾ ಬರೆಯುವ ವೃತ್ತಗಳು) ಮಾಡಿನ ಹಂಚಿನ ಹಾಗೆ ಒಂದರ ಮೇಲೊಂದು ಹೊದ್ದಿರುತ್ತವೆ. ನಡುವಿನ ಒಂದು ಹಂಚು ತೆಗೆಯಲು ಮೇಲಿನ ಸಾಲನ್ನೂ ಎತ್ತಬೇಕಲ್ಲ, ಹಾಗೆಯೇ ಒಂದು ಟ್ರ್ಯಾಕ್ ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಮೊದಮೊದಲು ಬರುವ ಡೇಟಾವನ್ನು ಸಾಮಾನ್ಯ ಟ್ರ್ಯಾಕ್‌ಗಳ ಒಂದು ತಾತ್ಕಾಲಿಕ ವಲಯ ನುಂಗಿಕೊಳ್ಳುತ್ತದೆ. ಅದು ತುಂಬಿದ ಮೇಲೆ ವೇಗ ಕುಸಿಯುತ್ತದೆ, ಡಿಸ್ಕ್ ಬೇಗ ಉತ್ತರ ಕೊಡುವುದಿಲ್ಲ, ನ್ಯಾಸ್‌ನ ಕಂಟ್ರೋಲರ್ ಅದನ್ನು ಸತ್ತಿತೆಂದು ತಿಳಿಯುತ್ತದೆ. ರೀಬಿಲ್ಡ್ ಎಂದರೆ ಬಿಡುವಿಲ್ಲದ ಬರಹ. ಎಸ್‌ಎಂಆರ್‌ಗೆ ಅದೇ ಆಗದ ಕೆಲಸ.

2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ 2ರಿಂದ 6 ಟಿಬಿಯ ರೆಡ್ ಡಿಸ್ಕ್‌ಗಳು, ನ್ಯಾಸ್‌ಗೆಂದೇ ಮಾರಾಟವಾಗುತ್ತಿದ್ದರೂ, ಎಸ್‌ಎಂಆರ್ ಎಂದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಕೊಳ್ಳುವವರಿಗೆ ಇದನ್ನು ಮುಚ್ಚಿಟ್ಟದ್ದು ತಪ್ಪೇ. ಆಮೇಲೆ ಕಂಪನಿ ರೆಡ್ ಸಾಲಿನ ಸಿಎಂಆರ್ (ಟ್ರ್ಯಾಕ್‌ಗಳು ಒಂದರ ಮೇಲೊಂದು ಹೊದೆಯದ ಸಾಮಾನ್ಯ ಬಗೆಯ) ಡಿಸ್ಕ್‌ಗಳನ್ನು ರೆಡ್ ಪ್ಲಸ್ ಎಂದು ಬೇರ್ಪಡಿಸಿತು. ಹಾಗಾಗಿ ವಿವರಪತ್ರದಲ್ಲಿ ‘ಸಿಎಂಆರ್’ ಎಂದು ಬರೆದಿರುವುದನ್ನು ಕಣ್ಣಾರೆ ನೋಡಿಯೇ ಕೊಳ್ಳಿ. ಈಗಿರುವುದನ್ನು ಎಸೆಯಬೇಡಿ, ಒಮ್ಮೆ ಬರೆದು ಇಡುವ ಬ್ಯಾಕಪ್‌ಗೆ ಅದು ಸಾಕು.

ಸಿಎಂಆರ್ ಇದ್ದೂ ಹೊರಬಿದ್ದರೆ ಡೆಸ್ಕ್‌ಟಾಪ್ ದರ್ಜೆಯ ಡಿಸ್ಕ್ ಎಂದು ಶಂಕಿಸಿ. ಓದಲಾಗದ ಸೆಕ್ಟರ್ ಸಿಕ್ಕಾಗ ನ್ಯಾಸ್ ಡಿಸ್ಕ್ ಸುಮಾರು 7 ಸೆಕೆಂಡಿಗೆ ಸೋಲೊಪ್ಪಿ ಕಂಟ್ರೋಲರ್‌ಗೆ ತಿಳಿಸುತ್ತದೆ. ಡೆಸ್ಕ್‌ಟಾಪ್ ಡಿಸ್ಕ್ ಅದಕ್ಕಿಂತ ಬಹಳ ಹೊತ್ತು ಹೆಣಗಾಡುತ್ತದೆ.

ಪ್ರಶ್ನೆ: ಹೊಸ ಡಿಸ್ಕ್ ನಿಜಕ್ಕೂ ಹೊಸದೇ, ಗಟ್ಟಿಯೇ ಎಂದು ಪರೀಕ್ಷಿಸುವುದು ಹೇಗೆ?

ಉತ್ತರ: ಡೇಟಾ ತುಂಬುವ ಮೊದಲೇ ಮಾಡಿ. ಸ್ಮಾರ್ಟ್ ಅಂಕಿಗಳಲ್ಲಿ ‘ಪವರ್ ಆನ್ ಅವರ್ಸ್’ ಸೊನ್ನೆಯ ಹತ್ತಿರ ಇರಬೇಕು. ಸೀರಿಯಲ್ ನಂಬರನ್ನು ತಯಾರಕರ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಆಮೇಲೆ ವಿಂಡೋಸ್‌ನಲ್ಲಿ ‘ಕ್ವಿಕ್ ಫಾರ್ಮ್ಯಾಟ್’ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಇದು ಇಡೀ ಡಿಸ್ಕ್‌ಗೆ ಸೊನ್ನೆ ಬರೆಯುತ್ತದೆ. ಮುಗಿದ ಮೇಲೆ ಸ್ಮಾರ್ಟ್‌ನ ಎಕ್ಸ್‌ಟೆಂಡೆಡ್ ಟೆಸ್ಟ್ ಓಡಿಸಿ. 8 ಟಿಬಿ ಡಿಸ್ಕ್‌ಗೆ ಪ್ರತಿ ಹಂತಕ್ಕೂ ಅರ್ಧ ದಿನಕ್ಕಿಂತ ಹೆಚ್ಚೇ ಹಿಡಿಯಬಹುದು, ನಿಲ್ಲಿಸಬೇಡಿ. ಕೊನೆಗೆ 5, 197, 198 ಮೂರೂ ಸೊನ್ನೆ ಇದ್ದರೆ ಬಳಸಿ. ಒಂದಾದರೂ ಏರಿದ್ದರೆ ಅವಧಿಯೊಳಗೆ ಹಿಂದಿರುಗಿಸಿ.

ಗಂಟೆಗಳ ಅಂಕಿಯನ್ನು ಅಳಿಸಿ ಮಾರುವವರೂ ಇದ್ದಾರೆ. ಡೇಟಾ ಸೆಂಟರ್‌ಗಳಲ್ಲಿ ಸಾವಿರಾರು ಗಂಟೆ ದುಡಿದ ಸೀಗೇಟ್ ಡಿಸ್ಕ್‌ಗಳು ಹೊಸದೆಂದು ಮಾರಾಟವಾದದ್ದು 2025ರ ಆರಂಭದಲ್ಲಿ ಬೆಳಕಿಗೆ ಬಂತು. ಸೀಗೇಟ್ ಡಿಸ್ಕ್ ‘ಫಾರ್ಮ್’ ಎಂಬ ಇನ್ನೊಂದು ದಾಖಲೆಯನ್ನೂ ಇಡುತ್ತದೆ. ಅಲ್ಲಿನ ಗಂಟೆಗಳು ಉಳಿದುಕೊಂಡಿದ್ದವು. ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ತಂತ್ರಾಂಶದ 7.4 ಅಥವಾ ಮುಂದಿನ ಆವೃತ್ತಿ ಅದನ್ನು ಓದುತ್ತದೆ. ಎರಡು ಲೆಕ್ಕವೂ ತಾಳೆಯಾಗಬೇಕು.

ಜೋಡಿ ಕೊಳ್ಳುವುದಾದರೆ ಒಂದೇ ಪೆಟ್ಟಿಗೆಯ ಅಕ್ಕಪಕ್ಕದ ನಂಬರು ಬೇಡ. ಒಂದೇ ಬ್ಯಾಚಿನ ದೋಷ ಎರಡನ್ನೂ ಒಟ್ಟಿಗೇ ಕೆಡಿಸಬಹುದು.

ಪ್ರಶ್ನೆ: ಬಿದ್ದ ಪೋರ್ಟಬಲ್ ಡಿಸ್ಕ್ ಟಕ್ ಟಕ್ ಎನ್ನುತ್ತಿದೆ. ಫ್ರೀಜರ್‌ನಲ್ಲಿಟ್ಟರೆ ಅಥವಾ ಸರ್ಕ್ಯೂಟ್ ಬೋರ್ಡ್ ಬದಲಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಕೂಡಲೇ ಕೇಬಲ್ ತೆಗೆಯಿರಿ. ಆ ಸದ್ದು ಬಹುತೇಕ ಹೆಡ್‌ನದು. ಹೆಡ್ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಬಿದ್ದು ಜಖಂ ಆದ ಹೆಡ್ ಪ್ರತಿ ಸುತ್ತಿಗೂ ತಟ್ಟೆಯನ್ನು ಗೀರುತ್ತಿರಬಹುದು. ಫ್ರೀಜರ್‌ನಿಂದ ತೆಗೆದೊಡನೆ ತಟ್ಟೆಯ ಮೇಲೆ ನೀರು ಸಾಂದ್ರಗೊಂಡು ಇದ್ದದ್ದೂ ಹೋಗುತ್ತದೆ. ಮುಚ್ಚಳ ಬಿಚ್ಚಬೇಡಿ. ಬೋರ್ಡ್ ಬದಲಿಸುವುದು ಸದ್ದಿಗೆ ಔಷಧವಲ್ಲ. ಮೇಲಾಗಿ ಆಯಾ ಡಿಸ್ಕ್‌ಗೇ ಹೊಂದಿಸಿದ ವಿವರಗಳು ಬೋರ್ಡ್‌ನ ರೋಮ್ (ವಿದ್ಯುತ್ ಇಲ್ಲದಾಗಲೂ ಅಳಿಯದ ಮೆಮೊರಿ) ಚಿಪ್‌ನಲ್ಲಿರುತ್ತವೆ, ಆ ಚಿಪ್ಪನ್ನೂ ವರ್ಗಾಯಿಸದೆ ಹೊಸ ಬೋರ್ಡ್ ಕೆಲಸ ಮಾಡುವುದಿಲ್ಲ. ಕಳೆದುಕೊಳ್ಳಲಾಗದ ಡೇಟಾ ಇದ್ದರೆ ಕ್ಲೀನ್ ರೂಮ್ ಇರುವ ಡೇಟಾ ರಿಕವರಿ ಸಂಸ್ಥೆಗೇ ಒಯ್ಯಿರಿ.

ಸದ್ದಿಲ್ಲದೆ, ಓದುವುದು ಮಾತ್ರ ಅಲ್ಲಲ್ಲಿ ತಡವರಿಸುತ್ತಿದ್ದರೆ ದಾರಿ ಬೇರೆ. ದುರಸ್ತಿಗೆಂದು ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಬೇಡಿ, ಅದು ಸಾಯುತ್ತಿರುವ ಡಿಸ್ಕ್‌ಗೇ ಬರೆಯುತ್ತದೆ. ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ, ಅಷ್ಟೇ ಅಥವಾ ಹೆಚ್ಚು ದೊಡ್ಡ ಇನ್ನೊಂದು ಡಿಸ್ಕ್‌ಗೆ ಪೂರ್ತಿ ನಕಲು ತೆಗೆಯಿರಿ. ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ. ನಡುವೆ ನಿಂತರೂ ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಅದು ಸುಲಭಕ್ಕೆ ಸಿಗುವ ಭಾಗವನ್ನು ಮೊದಲು ಬಾಚಿಕೊಂಡು, ಹಟಮಾರಿ ಸೆಕ್ಟರ್‌ಗಳನ್ನು ಕೊನೆಗೆ ಮುಟ್ಟುತ್ತದೆ. ಫೈಲ್‌ಗಳನ್ನು ಹುಡುಕುವ ಕೆಲಸವೆಲ್ಲ ಆ ನಕಲಿನ ಮೇಲೆ.

ಪೋರ್ಟಬಲ್ ಕೊಳ್ಳುವಾಗ ಗಮನದಲ್ಲಿರಲಿ: ಹಲವು ಮಾಡೆಲ್‌ಗಳಲ್ಲಿ ಯುಎಸ್‌ಬಿ ಕಿಂಡಿ ಡಿಸ್ಕಿನ ಬೋರ್ಡ್‌ಗೇ ಬೆಸುಗೆಯಾಗಿದ್ದು, ಒಳಗೆ ಸಾಟಾ ಕಿಂಡಿಯೇ ಇರುವುದಿಲ್ಲ. ಕಿಂಡಿ ಮುರಿದರೆ ಡಿಸ್ಕನ್ನು ಬಿಚ್ಚಿ ಕಂಪ್ಯೂಟರ್‌ಗೆ ನೇರ ಜೋಡಿಸಲಾಗದು. ಪೆಟ್ಟಿಗೆ ಬೇರೆ, ಸಾಟಾ ಡಿಸ್ಕ್ ಬೇರೆ ಕೊಂಡು ಕೂಡಿಸಿಕೊಂಡರೆ ಈ ತೊಡಕಿಲ್ಲ.