ಯುವ ರಕ್‌ಮ್ಯಾನ್ ಬೆಳೆಯುತ್ತಿದ್ದಾನಾ ಅಂತ ತಿಳಿಯೋದು ಹೇಗೆ? ಹಿಟ್‌ಔಟ್ ಲೆಕ್ಕ ಬಿಟ್ಟು ನೋಡಿ

ನಿಮ್ಮ ಪ್ರಶ್ನೆ ಹೀಗಿದೆ: ಮೆಲ್ಬರ್ನ್‌ಗೆ ಬಂದ ಮೇಲೆ ಫುಟಿ (ಆಸ್ಟ್ರೇಲಿಯನ್ ಫುಟ್‌ಬಾಲ್) ಹುಚ್ಚು ಹಿಡಿದಿದೆ. ನಿಮ್ಮ ತಂಡದ 21 ವರ್ಷದ ರಕ್‌ಮ್ಯಾನ್ (ಅಂಪೈರ್ ಎಸೆದ ಚೆಂಡಿಗೆ ಹಾರುವ ಎತ್ತರದ ಆಟಗಾರ) ವಾರ ವಾರವೂ ಹಿಟ್‌ಔಟ್‌ನಲ್ಲಿ, ಅಂದರೆ ಆ ಚೆಂಡನ್ನು ಬಡಿದು ಕಳಿಸುವುದರಲ್ಲಿ, ಸೋಲುತ್ತಾನೆ. ಆಫೀಸಿನಲ್ಲಿ ಎಲ್ಲರೂ ಅವನನ್ನು ಬೈಯುತ್ತಾರೆ, ಕೋಚ್ ಮಾತ್ರ ಕೈಬಿಡುತ್ತಿಲ್ಲ. ಅವನ ಫಾರ್ಮ್ ನಿಜವಾಗಿ ಹೇಗಿದೆ ಅಂತ ನೋಡುವುದು ಹೇಗೆ?

ನಾನು ವೆಸ್ಟರ್ನ್ ಬುಲ್‌ಡಾಗ್ಸ್ ಬೆಂಬಲಿಗ. ನಮ್ಮ ತಂಡದ ಒಬ್ಬ ಸಣಕಲು ಹುಡುಗ ವರ್ಷಗಟ್ಟಲೆ ಇದೇ ಬೈಗುಳ ತಿಂದು, ಕೊನೆಗೆ ದೇಶದ ಅತ್ಯುತ್ತಮ ರಕ್‌ಮ್ಯಾನ್ ಆಗಿದ್ದನ್ನು ನೋಡಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಚೆಂಡು ಗಾಳಿಯಲ್ಲಿದ್ದಾಗ ಏನಾಯಿತು ಅನ್ನುವುದಕ್ಕಿಂತ ಅದು ಕೆಳಗೆ ಬಿದ್ದ ಮೇಲಿನ ಐದು ಸೆಕೆಂಡ್‌ನಲ್ಲಿ ಅವನು ಏನು ಮಾಡಿದ ಅಂತ ನೋಡಿ. ಬೆಳೆಯುತ್ತಿರುವ ರಕ್‌ಮ್ಯಾನ್ ಮೊದಲು ಕಾಣಿಸುವುದು ಅಲ್ಲಿಯೇ.

ಹಿಟ್‌ಔಟ್ ಅಂಕಿ ಯಾಕೆ ದಾರಿ ತಪ್ಪಿಸುತ್ತದೆ ಅಂದರೆ, ರಕ್‌ಮ್ಯಾನ್ ಚೆಂಡನ್ನು ಸ್ಪಷ್ಟವಾಗಿ ಬಡಿದರೆ ಅದು ಹಿಟ್‌ಔಟ್ ಆಗಿಬಿಡುತ್ತದೆ. ಆಮೇಲೆ ಆ ಚೆಂಡು ಯಾರ ಕೈಗೆ ಹೋಯಿತು ಅನ್ನುವುದು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಎದುರಾಳಿಯ ಮಿಡ್‌ಫೀಲ್ಡರ್ ಮಧ್ಯೆ ನುಗ್ಗಿ ಕಸಿದುಕೊಂಡರೂ ಅದು ಹಿಟ್‌ಔಟೇ. ಬೌಲರ್ ಎಷ್ಟು ಬೌನ್ಸರ್ ಹಾಕಿದ ಅಂತ ಎಣಿಸಿ ಒಳ್ಳೆಯ ಬೌಲರ್ ಅಂತ ಹೇಳಿದ ಹಾಗೆ. ಲೀಗ್‌ನ ಅಂಕಿಅಂಶ ಇಡುವ ಚಾಂಪಿಯನ್ ಡೇಟಾ ಕಂಪನಿಯವರು ಇಟ್ಟಿರುವ ಇನ್ನೊಂದು ಲೆಕ್ಕ ಇದೆ, ಹಿಟ್‌ಔಟ್ ಟು ಅಡ್ವಾಂಟೇಜ್ ಅಂತ. ಬಡಿದ ಚೆಂಡು ಸ್ವಂತ ತಂಡದವನಿಗೆ ನೇರವಾಗಿ ಸಿಕ್ಕಿದ್ದು ಮಾತ್ರ ಅದರಲ್ಲಿ ಸೇರುತ್ತದೆ. ಅದನ್ನು ನೋಡಿದರೆ ತುಂಬಾ ಒಳ್ಳೆಯ ರಕ್‌ಮ್ಯಾನ್‌ಗಳ ಬಹುಪಾಲು ಹಿಟ್‌ಔಟ್ ಕೂಡ ಯಾರಿಗೂ ಸೇರದೆ ಗುಂಪಿನೊಳಗೆ ಬೀಳುತ್ತದೆ ಅಂತ ಗೊತ್ತಾಗುತ್ತದೆ. ಅಂದರೆ 40-15 ಅಂತ ಸೋತ ಹುಡುಗ ನಿಜವಾಗಿ ಕಳೆದುಕೊಂಡದ್ದು ಆ ಅಂತರಕ್ಕಿಂತ ತುಂಬಾ ಕಡಿಮೆ ಇರಬಹುದು.

ಇನ್ನೊಂದು ವಿಷಯ. ರಕ್ ಸ್ಪರ್ಧೆ ಒಂದೇ ತರಹ ಇರುವುದಿಲ್ಲ. ಮೈದಾನದ ನಡುವೆ ಇಬ್ಬರೂ ಓಡಿ ಬಂದು ಹಾರುತ್ತಾರೆ. ಅಲ್ಲಿ ಜಿಗಿತ, ಟೈಮಿಂಗ್ ಮುಖ್ಯ. ಗೆರೆಯ ಹೊರಗಿನಿಂದ ಅಂಪೈರ್ ಹಿಂದಕ್ಕೆ ಎಸೆಯುವ ಥ್ರೋ-ಇನ್ ಬೇರೆಯೇ ಆಟ. ಅಲ್ಲಿ ಇಬ್ಬರೂ ನಿಂತಲ್ಲೇ ಒಬ್ಬರನ್ನೊಬ್ಬರು ತಳ್ಳುತ್ತಾ ಜಾಗ ಹಿಡಿಯಬೇಕು, ಸೊಂಟ ಮತ್ತು ತೊಡೆಯ ಬಲ ಬೇಕು. 21ರ ಹುಡುಗನಿಗೆ 30 ವರ್ಷದ 110 ಕಿಲೋ ಆಳಿನ ಎದುರು ಥ್ರೋ-ಇನ್ ಗೆಲ್ಲುವ ಮೈ ಇನ್ನೂ ಬಂದಿರುವುದಿಲ್ಲ, ಅದಕ್ಕೆ ಜಿಮ್‌ನಲ್ಲಿ ವರ್ಷಗಳೇ ಬೇಕು, ಅದರಲ್ಲಿ ಅವನ ತಪ್ಪೇನೂ ಇಲ್ಲ. ಹಾಗಾಗಿ ಎರಡನ್ನೂ ಬೇರೆ ಬೇರೆ ಮಾಡಿ ನೋಡಿ. ನಡುವಿನ ಸ್ಪರ್ಧೆಯಲ್ಲಿ ಸಮಬಲ, ಥ್ರೋ-ಇನ್‌ನಲ್ಲಿ ಸೋಲು ಅಂತಾದರೆ ನನ್ನ ಪ್ರಕಾರ ಹುಡುಗ ಸರಿಯಾದ ದಾರಿಯಲ್ಲಿದ್ದಾನೆ. ಉಲ್ಟಾ ಆದರೆ, ಅಂದರೆ ಮೈಬಲ ಇದ್ದೂ ನಡುವೆ ಹಾರುವಾಗ ತಡವಾಗುತ್ತಿದ್ದರೆ, ಅವನ ಕಾಲಿಗೋ ಮಂಡಿಗೋ ಏನಾದರೂ ಆಗಿದೆಯಾ ಅಂತ ನನಗೆ ಅನುಮಾನ ಬರುತ್ತದೆ. 2026ರಿಂದ ಅಂಪೈರ್ ಚೆಂಡನ್ನು ನೆಲಕ್ಕೆ ಬಡಿದು ಪುಟಿಸುವುದು ನಿಂತು, ಮೇಲಕ್ಕೆ ಎಸೆಯುವುದು ಬಂದಿದೆ. ನಡುವಿನ ಸ್ಪರ್ಧೆಯಲ್ಲಿ ಮೊದಲೇ ನಡುವಿನ ವೃತ್ತದ ಗೆರೆ ದಾಟಿ ಎದುರಾಳಿಯ ಜೊತೆ ತಳ್ಳಾಡುವಂತೆಯೂ ಇಲ್ಲ. ಇದು ಹಾರುವ ಹುಡುಗರಿಗೆ ಒಳ್ಳೆಯ ಸುದ್ದಿ. ಹಾಗಾಗಿ ಹಿಂದಿನ ವರ್ಷದ ಅಂಕಿ ಜೊತೆ ಈಗಿನದನ್ನು ಹಾಗೆ ಹಾಗೇ ಹೋಲಿಸಬೇಡಿ.

ಈಗ ಆ ಐದು ಸೆಕೆಂಡ್ ವಿಷಯಕ್ಕೆ ಬರೋಣ. ಚೆಂಡು ಬಡಿದಾಯಿತು, ಇಬ್ಬರು ರಕ್‌ಮ್ಯಾನ್‌ಗಳೂ ನೆಲಕ್ಕೆ ಇಳಿದರು. ನಿಮ್ಮ ಹುಡುಗನ ಪಾದ ನೋಡಿ. ಇಳಿದ ಕೂಡಲೇ ಚೆಂಡು ಹೋದ ಕಡೆ ತಿರುಗುತ್ತಾನಾ, ಅಥವಾ ಒಂದು ಕ್ಷಣ ನಿಂತು ನೋಡುತ್ತಾನಾ? ಚೆಂಡು ಹಿಡಿದ ಎದುರಾಳಿ ಮಿಡ್‌ಫೀಲ್ಡರ್ ಮೇಲೆ ಟ್ಯಾಕಲ್ ಹಾಕಲು ಹೋಗುತ್ತಾನಾ? ಟ್ಯಾಕಲ್ ಸಿಗದಿದ್ದರೂ ಉದ್ದ ಕೈ ಚಾಚಿ ಅವನ ಕಿಕ್ ಕೆಡಿಸುತ್ತಾನಾ? ತನ್ನ ಕಡೆಯವನಿಗೆ ಚೆಂಡು ಸಿಕ್ಕಿದ್ದರೆ ಅವನಿಗೆ ದಾರಿ ಮಾಡಿಕೊಡಲು ಮೈ ಅಡ್ಡ ಇಡುತ್ತಾನಾ? ಇದು ಯಾವುದೂ ಮರುದಿನದ ಪೇಪರಿನ ಅಂಕಿಯಲ್ಲಿ ಪೂರ್ತಿ ಕಾಣುವುದಿಲ್ಲ. ಆದರೆ ಕೋಚ್‌ಗಳು ವಿಡಿಯೋ ಇಟ್ಟುಕೊಂಡು ನೋಡುವುದು ಇದನ್ನೇ. ಹಿಟ್‌ಔಟ್ ಸೋತ ತಕ್ಷಣ ನೆಲದ ಚೆಂಡಿಗೆ ಬಗ್ಗುವ 205 ಸೆಂಟಿಮೀಟರ್ ಹುಡುಗ ತಂಡಕ್ಕೆ ಇನ್ನೊಬ್ಬ ಮಿಡ್‌ಫೀಲ್ಡರ್ ಇದ್ದ ಹಾಗೆಯೇ. ನಾರ್ತ್ ಮೆಲ್ಬರ್ನ್‌ನ ಟ್ರಿಸ್ಟನ್ ಝೆರಿಯನ್ನು ನೋಡಿ. 2017ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) 72ನೇ ಆಯ್ಕೆಯಾಗಿ ಬಂದವರು. ಟಾಡ್ ಗೋಲ್ಡ್‌ಸ್ಟೀನ್ ಹಿಂದೆ ವರ್ಷಗಟ್ಟಲೆ ಕಾದು, ಗೋಲ್ಡ್‌ಸ್ಟೀನ್ 2023ರ ಕೊನೆಗೆ ಎಸೆಂಡನ್‌ಗೆ ಹೋದ ಮೇಲೆ 2024ರಲ್ಲಿ ಅರಳಿದರು. ಅವರ ಟ್ಯಾಕಲ್ ನೋಡಿದವರು ಯಾರೂ ರಕ್‌ಮ್ಯಾನ್ ಅಂದರೆ ಬರೀ ಹಾರುವವನು ಅಂತ ಮತ್ತೆ ಹೇಳುವುದಿಲ್ಲ.

ನಾನು ಹೇಳಿದ ನಮ್ಮ ಹುಡುಗ ಟಿಮ್ ಇಂಗ್ಲಿಷ್. ಪಶ್ಚಿಮ ಆಸ್ಟ್ರೇಲಿಯಾದವರು. 1954ರ ನಂತರ 62 ವರ್ಷ ಕಾದು ಬುಲ್‌ಡಾಗ್ಸ್ 2016ರಲ್ಲಿ ಪ್ರೀಮಿಯರ್‌ಶಿಪ್ (ಲೀಗ್ ಪ್ರಶಸ್ತಿ) ಗೆದ್ದಿತಲ್ಲ, ಆ ವರ್ಷದ ಡ್ರಾಫ್ಟ್‌ನಲ್ಲೇ 19ನೇ ಆಯ್ಕೆಯಾಗಿ ಬಂದರು. ಎತ್ತರ ಇತ್ತು, ಮೈ ಇರಲಿಲ್ಲ. ಮೊದಲ ವರ್ಷಗಳಲ್ಲಿ ದೊಡ್ಡ ರಕ್‌ಮ್ಯಾನ್‌ಗಳು ಅವರನ್ನು ಸುಮ್ನೆ ಪಕ್ಕಕ್ಕೆ ತಳ್ಳಿ ಚೆಂಡು ಬಡಿಯುತ್ತಿದ್ದರು. ಕೂತವರ ಗೊಣಗಾಟ ಜೋರಾಗಿಯೇ ಇತ್ತು. ಆದರೆ ಕೋಚ್ ಲೂಕ್ ಬೆವರಿಜ್ ಆಡಿಸುತ್ತಲೇ ಹೋದರು, ಯಾಕೆಂದರೆ ಇಂಗ್ಲಿಷ್ ಓಡುತ್ತಿದ್ದರು, ಕೆಳಗೆ ಬಿದ್ದ ಚೆಂಡನ್ನು ಮಿಡ್‌ಫೀಲ್ಡರ್ ತರಹ ಎತ್ತುತ್ತಿದ್ದರು, ಓಡುತ್ತಲೇ ಸರಿಯಾಗಿ ಕಿಕ್ ಮಾಡುತ್ತಿದ್ದರು. 2020ರ ಕೊನೆಗೆ ಬ್ರಿಸ್ಬೇನ್‌ನಿಂದ ಸ್ಟೆಫಾನ್ ಮಾರ್ಟಿನ್ ಅವರನ್ನು ಕರೆತಂದರು. ಮಾರ್ಟಿನ್‌ಗೆ ಆಗಲೇ ಮೂವತ್ತು ದಾಟಿ ಬಹಳ ದಿನವಾಗಿತ್ತು, ಗುದ್ದಾಟದ ಪಾಲು ಅವರು ಹೊತ್ತರು, ಇಂಗ್ಲಿಷ್ ಮುಂದೆ ಹೋಗಿ ಆಡಲು ಜಾಗ ಸಿಕ್ಕಿತು. ಆ ತೀರ್ಮಾನ ನನಗೆ ಇವತ್ತಿಗೂ ತುಂಬಾ ಇಷ್ಟ. 2023ರಲ್ಲಿ ಇಂಗ್ಲಿಷ್ ಆಲ್-ಆಸ್ಟ್ರೇಲಿಯನ್ ತಂಡದ (ಲೀಗ್‌ನ ಆ ವರ್ಷದ ಅತ್ಯುತ್ತಮರ ತಂಡ) ರಕ್‌ಮ್ಯಾನ್ ಆದರು. ಡ್ರಾಫ್ಟ್ ಆಗಿ ಏಳು ವರ್ಷಕ್ಕೆ! ಮೆಲ್ಬರ್ನ್ ತಂಡದ ಮ್ಯಾಕ್ಸ್ ಗಾನ್ ಕಥೆಯೂ ಅಷ್ಟೇ ನಿಧಾನ: 2009ರ ಡ್ರಾಫ್ಟ್, 2011ರಲ್ಲಿ ಮೊದಲ ಪಂದ್ಯ, ಮಂಡಿಯ ಗಾಯಗಳು, ಮೊದಲ ಆಲ್-ಆಸ್ಟ್ರೇಲಿಯನ್ 2016ರಲ್ಲಿ. ರಕ್‌ಮ್ಯಾನ್‌ಗಳು 24-25ರ ನಂತರವೇ ಬಲಿಯುತ್ತಾರೆ ಅಂತ ಇಲ್ಲಿ ಎಲ್ಲರೂ ಹೇಳುವುದು ಸುಮ್ಮನೆ ಅಲ್ಲ.

ಇದಕ್ಕೆ ಅಪವಾದ ಇಲ್ಲವೇ ಅಂದರೆ ಇದೆ, ಮತ್ತು ಅದು ನಮ್ಮ ಎದೆಗೇ ಬಡಿದ ಅಪವಾದ. 2021ರ ಗ್ರ್ಯಾಂಡ್ ಫೈನಲ್, ಪರ್ತ್‌ನಲ್ಲಿ. ಮೂರನೇ ಕ್ವಾರ್ಟರ್‌ನಲ್ಲಿ ನಾವು 19 ಅಂಕ ಮುಂದಿದ್ದೆವು. ಅಲ್ಲಿಂದ ಮೆಲ್ಬರ್ನ್ ನಡುವಿನ ಚೆಂಡನ್ನು ಒಂದಾದ ಮೇಲೊಂದು ಗೆದ್ದು ಗೋಲ್ ಮೇಲೆ ಗೋಲ್ ಹೊಡೆದು, ಕೊನೆಗೆ 74 ಅಂಕಗಳಿಂದ ಗೆದ್ದಿತು. ಆ ಅಬ್ಬರದಲ್ಲಿ ಮೆಲ್ಬರ್ನ್ ಪರ ರಕ್‌ನಲ್ಲಿ ಪಾಲು ಹಂಚಿಕೊಂಡಿದ್ದ ಲೂಕ್ ಜ್ಯಾಕ್ಸನ್‌ಗೆ ಆಗ 19 ವರ್ಷ. ಗಾನ್‌ಗಿಂತ ಎಷ್ಟೋ ಕುಳ್ಳ. ಆದರೆ ಇಳಿದ ಕೂಡಲೇ ಓಡುವ, ಟ್ಯಾಕಲ್ ಹಾಕುವ, ಚೆಂಡು ಎತ್ತುವ ಹುಡುಗ. ಬ್ಯಾಸ್ಕೆಟ್‌ಬಾಲ್ ಆಡಿ ಬಂದ ಕಾಲು ಅದು. ನೋಡಿ, ಅಪವಾದದಲ್ಲೂ ಕೆಲಸ ಮಾಡಿದ್ದು ಅದೇ ಐದು ಸೆಕೆಂಡ್, ಎತ್ತರ ಅಲ್ಲ.

ರಕ್ ಸ್ಪರ್ಧೆ ಬಿಟ್ಟು ಉಳಿದ ಹೊತ್ತು ಅವನು ಎಲ್ಲಿರುತ್ತಾನೆ ಅನ್ನುವುದೂ ಮುಖ್ಯ. ಡಿಫೆಂಡರ್‌ಗಳು ಒತ್ತಡದಲ್ಲಿ ಗೆರೆಯ ಪಕ್ಕ ಉದ್ದಕ್ಕೆ ಹೊಡೆಯುವ ಕಿಕ್‌ಗೆ ಗುರಿ ರಕ್‌ಮ್ಯಾನೇ. ಮಾರ್ಕ್ (ಕಿಕ್ ಮಾಡಿದ ಚೆಂಡಿನ ಕ್ಯಾಚ್) ಹಿಡಿಯದಿದ್ದರೂ ಎದುರಾಳಿ ಹಿಡಿಯದಂತೆ ಚೆಂಡನ್ನು ನೆಲಕ್ಕೆ ತಂದರೆ ಸಾಕು, ಅದು ಅವನ ಗೆಲುವೇ. ಇನ್ನು ನಾಲ್ಕನೇ ಕ್ವಾರ್ಟರ್. ಒಂದು ಪಂದ್ಯದಲ್ಲಿ ಹತ್ತು ಕಿಲೋಮೀಟರ್‌ಗಿಂತ ಜಾಸ್ತಿ ಓಡಬೇಕು, ಮಧ್ಯೆ ಮಧ್ಯೆ ಹಾರಬೇಕು, ಗುದ್ದಾಡಬೇಕು. ಯುವಕರು ಕೊನೆಗೆ ಬಳಲುವುದು ಸಹಜ. ಏಪ್ರಿಲ್‌ನಲ್ಲಿ ಮೂರನೇ ಕ್ವಾರ್ಟರ್‌ಗೇ ಕಾಲು ಎಳೆಯುತ್ತಿದ್ದವನು ಜುಲೈನಲ್ಲಿ ಕೊನೆಯವರೆಗೂ ಎದುರಾಳಿಯ ಜೊತೆ ಓಡುತ್ತಿದ್ದರೆ, ಹಿಟ್‌ಔಟ್ ಅಂಕಿ ಒಂದಿಷ್ಟೂ ಏರದಿದ್ದರೂ ಅವನು ಬೆಳೆದಿದ್ದಾನೆ.

ಎದುರಾಳಿ ಯಾರು ಅಂತ ಬರೆದಿಟ್ಟುಕೊಳ್ಳಿ. ಗಾನ್ ಎದುರು ಒಂದು ವಾರ, ಬ್ರೋಡಿ ಗ್ರಂಡಿ ಎದುರು ಮುಂದಿನ ವಾರ ಸೋತರೆ ಅದು ಫಾರ್ಮ್ ಕುಸಿತ ಅಲ್ಲ. ವರ್ಷದಲ್ಲಿ ಒಂದೇ ಎದುರಾಳಿ ಎರಡು ಸಲ ಸಿಕ್ಕರೆ ಆ ಎರಡು ಪಂದ್ಯ ಹೋಲಿಸಿ, ಅದಕ್ಕಿಂತ ನ್ಯಾಯವಾದ ಅಳತೆ ಇಲ್ಲ. ನಿಮ್ಮ ಮಿಡ್‌ಫೀಲ್ಡರ್‌ಗಳನ್ನೂ ಲೆಕ್ಕಕ್ಕೆ ತಗೊಳ್ಳಿ. ನಮ್ಮಲ್ಲಿ ಟಾಮ್ ಲಿಬರಟೋರ್ ಎದುರಾಳಿ ರಕ್‌ಮ್ಯಾನ್ ಬಡಿದ ಚೆಂಡನ್ನೇ ಕದಿಯುವುದರಲ್ಲಿ ಪಳಗಿದವರು. ಅಂಥವರು ಕೆಳಗಿದ್ದರೆ ಹಿಟ್‌ಔಟ್ ಸೋತ ರಕ್‌ಮ್ಯಾನ್‌ನ ತಂಡವೂ ಕ್ಲಿಯರೆನ್ಸ್ (ಗುಂಪಿನಿಂದ ಚೆಂಡನ್ನು ಹೊರಗೆ ತರುವುದು) ಗೆಲ್ಲುತ್ತದೆ. ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಬಡಿದರೂ ಬೈಗುಳ ರಕ್‌ಮ್ಯಾನ್‌ಗೇ.

ಇದನ್ನೆಲ್ಲ ಟಿವಿಯಲ್ಲಿ ನೋಡುವುದು ಕಷ್ಟ, ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಮೈದಾನಕ್ಕೆ ಹೋಗಿ ಎತ್ತರದ ಸೀಟ್ ಹಿಡಿಯಿರಿ, ಒಂದು ಪೂರ್ತಿ ಕ್ವಾರ್ಟರ್ ಚೆಂಡು ಬಿಟ್ಟು ಅವನನ್ನು ಮಾತ್ರ ನೋಡಿ. ಸಾಧ್ಯವಾದರೆ ವಿಎಫ್‌ಎಲ್ (ಕೆಳಗಿನ ಹಂತದ ಲೀಗ್) ಪಂದ್ಯಕ್ಕೂ ಹೋಗಿ, ಫುಟ್ಸ್‌ಕ್ರೇಯ ವಿಟನ್ ಓವಲ್‌ನಂಥ ಕಡೆ ಬೇಲಿ ಪಕ್ಕ ನಿಂತರೆ ಆಟಗಾರರ ಕೂಗು ಸಹ ಕೇಳಿಸುತ್ತದೆ. ವಿಎಫ್‌ಎಲ್‌ನ ಹಲವು ಮೈದಾನಗಳಲ್ಲಿ ಕ್ವಾರ್ಟರ್ ವಿರಾಮದಲ್ಲಿ ಒಳಗೆ ಬಿಡುತ್ತಾರೆ, ಕೋಚ್ ಏನು ಹೇಳುತ್ತಾರೆ ಅಂತ ಹತ್ತಿರದಿಂದ ಕೇಳಬಹುದು. ರಕ್‌ಮ್ಯಾನ್‌ನಿಂದ ಏನು ಬಯಸುತ್ತಾರೆ ಅಂತ ನಾನು ಕಲಿತದ್ದು ಜಾಸ್ತಿ ಅಲ್ಲಿಯೇ.

ಹಾಗಾದರೆ ಅವನನ್ನು ಎಂದಿಗೂ ಕೈಬಿಡಬಾರದಾ? ಬಿಡಬೇಕಾದ ಹೊತ್ತೂ ಬರುತ್ತದೆ. ಇಳಿದ ಮೇಲೆ ನಿಂತು ನೋಡುವುದು ಅಭ್ಯಾಸವಾಗುತ್ತಿದೆ, ಎದುರಾಳಿ ರಕ್‌ಮ್ಯಾನ್ ಮೈದಾನದಲ್ಲಿ ಒಬ್ಬನೇ ಆರಾಮಾಗಿ ಮಾರ್ಕ್ ಹಿಡಿಯುತ್ತಿದ್ದಾನೆ, ಮೂರು ನಾಲ್ಕು ವಾರ ಇದೇ ನಡೆದಿದೆ ಅಂದರೆ ವಿಎಫ್‌ಎಲ್‌ಗೆ ಕಳಿಸುವುದೇ ಒಳ್ಳೆಯದು, ಅಲ್ಲಿ ಇಡೀ ಪಂದ್ಯ ಮೊದಲ ರಕ್‌ಮ್ಯಾನ್ ಆಗಿ ಆಡುತ್ತಾನೆ. ಮೇಲಿನ ತಂಡದಲ್ಲಿ ಎರಡನೇ ರಕ್ ಅಂತ ಹೆಸರಿಟ್ಟು, ಮುಂದೆ ನಿಲ್ಲಿಸಿ, ಆಗೊಮ್ಮೆ ಈಗೊಮ್ಮೆ ಹಾರಲು ಕಳಿಸುವುದು ಅವನಿಗೆ ಏನೂ ಕಲಿಸುವುದಿಲ್ಲ. ನೀವು ಆಟಗಾರನ ಹೆಸರು ಹೇಳಿಲ್ಲ. ಕಾಮೆಂಟ್‌ನಲ್ಲಿ ಹಾಕಿ, ಅವನ ಮುಂದಿನ ಪಂದ್ಯ ನೋಡಿ ಥ್ರೋ-ಇನ್ ಮತ್ತು ನಡುವಿನ ಸ್ಪರ್ಧೆ ಎರಡನ್ನೂ ಬೇರೆ ಬೇರೆ ಎಣಿಸಿ ಬರೆಯುತ್ತೇನೆ.