ಬೆಂಗಳೂರಿನ ಮನೆ ಮಾರಿ ಮೈಸೂರಿನ ಹಿರಿಯರ ಸಮುಚ್ಚಯ ಸೇರಬಹುದೇ? – ಪ್ರತಿಕ್ರಿಯೆ

ಬೆಂಗಳೂರಿನ ಮನೆ ಮಾರಿ, ಗಂಡ-ಹೆಂಡತಿ ಇಬ್ಬರೂ ಮೈಸೂರಿನ ಹಿರಿಯರ ವಸತಿ ಸಮುಚ್ಚಯಕ್ಕೆ ಹೋಗಬಹುದೇ ಎಂದು ಕೇಳಿದ್ದೀರಿ. ಮನೆ ಮಾರುವುದು, ಊರು ಬದಲಿಸುವುದು, ಸಮುಚ್ಚಯ ಸೇರುವುದು, ಈ ಮೂರನ್ನೂ ಒಂದೇ ತೀರ್ಮಾನವಾಗಿ ನೋಡುತ್ತಿರುವುದೇ ನಿಮ್ಮ ಗೊಂದಲಕ್ಕೆ ಕಾರಣ ಅನ್ನಿಸುತ್ತದೆ.

ಮೊದಲು ಬೆಂಗಳೂರಿನ ಮನೆಯನ್ನು 11 ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಕೊಡಿ. ಮೈಸೂರಿನಲ್ಲಿ ನೀವೂ ಬಾಡಿಗೆಗೇ ಇರಿ. ಆ ಸಮುಚ್ಚಯದಲ್ಲೇ ಸಿಕ್ಕರೆ ಒಳ್ಳೆಯದು. ನಿಮ್ಮ ಮನೆಯವರಿಗೆ ಮಂಡಿನೋವು ಅಂದಿದ್ದೀರಿ. ಹಾಗಾಗಿ ಬಚ್ಚಲಲ್ಲಿ ಹಿಡಿಕೆ, ಜಾರದ ನೆಲ, ಸ್ಟ್ರೆಚರ್ ಹಿಡಿಸುವ ಲಿಫ್ಟ್ ಇವೆಯೇ ನೋಡಿ. ಉದ್ಯಾನ, ಈಜುಕೊಳದ ಫೋಟೋ ನೋಡಿ ಮರುಳಾಗಬೇಡಿ.

ಆಮೇಲೆ ಸಮುಚ್ಚಯದವರ ಕರಾರಿನ ಕರಡು ಕೇಳಿ ಪಡೆಯಿರಿ. ಬಿಟ್ಟು ಹೋದರೆ, ಸೇರುವಾಗ ಕೊಟ್ಟ ಠೇವಣಿ ಎಷ್ಟು ದಿನದಲ್ಲಿ, ಎಷ್ಟು ಕಡಿತವಾಗಿ ವಾಪಸ್? ನಿರ್ವಹಣಾ ಶುಲ್ಕ ವರ್ಷಕ್ಕೆ ಎಷ್ಟು ಏರಬಹುದು? ಒಬ್ಬರೇ ಉಳಿದರೆ ಶುಲ್ಕ ಇಳಿಯುತ್ತದೆಯೇ? ಎಡವಟ್ಟಾಗುವುದು ಮುಖ್ಯವಾಗಿ ಇಲ್ಲಿ: ಎಷ್ಟೋ ಕಡೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ ಜಾಗ. ಹಾಸಿಗೆ ಹಿಡಿದರೆ ಯಾರು ನೋಡಿಕೊಳ್ಳುತ್ತಾರೆ, ಎಷ್ಟು ದುಡ್ಡಿಗೆ ಎಂಬುದು ಬರಹದಲ್ಲಿರಲಿ.

ತಿಂಗಳ ಖರ್ಚಿಗೆ ಸರ್ಕಾರದ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಒಬ್ಬರಿಗೆ 30 ಲಕ್ಷ ಮಿತಿ, ಅಷ್ಟೂ ಇಟ್ಟರೆ ಶೇ. 8.2ರ ದರದಲ್ಲಿ ಮೂರು ತಿಂಗಳಿಗೆ 61,500 ರೂಪಾಯಿ ಬಡ್ಡಿ. ಇಬ್ಬರಿಗೂ 60 ದಾಟಿರುವುದರಿಂದ ಎರಡು ಖಾತೆ ತೆರೆಯಬಹುದು. ಇಟ್ಟ ದಿನದ ದರವೇ 5 ವರ್ಷ ಇರುತ್ತದೆ.

ಮಾರುವುದು ಕೊನೆಗೆ. ಮಾರಿದ 2 ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಲಾಭದ ಮೇಲಿನ ತೆರಿಗೆಗೆ ವಿನಾಯಿತಿ ಇದೆ. ಆದರೆ ಸಮುಚ್ಚಯದ ಮನೆ ಬರೀ ಠೇವಣಿ ಮೇಲಿದ್ದು, ನಿಮ್ಮ ಹೆಸರಿಗೆ ನೋಂದಣಿ ಆಗದಿದ್ದರೆ ಆ ವಿನಾಯಿತಿ ಸಿಗುವುದು ಅನುಮಾನ. ಕರಡನ್ನು ಆಡಿಟರ್‌ಗೆ ತೋರಿಸದೆ ಮುಂಗಡ ಕೊಡಬೇಡಿ.