ಹಳೆಯ 386 ಕಂಪ್ಯೂಟರಿನಲ್ಲಿ ಅಪರೂಪದ ಅಪ್‌ಗ್ರೇಡ್ ಚಿಪ್ ಇದ್ದಂತಿದೆ. ಹಾರ್ಡ್ ಡಿಸ್ಕ್ ಬಿಸಾಕಿ ಹೊಸದಾಗಿ ಡಾಸ್ (ಆ ಕಾಲದ ಆಪರೇಟಿಂಗ್ ಸಿಸ್ಟಮ್) ಹಾಕಿದರೆ ಚಿಪ್ ಸರಿಯಾಗಿ ಓಡುತ್ತಾ?

ಬಿಸಾಕಬೇಡಿ ಮಾರಾಯ್ರೆ. ನಾನು ಬಿಸಾಕಿ ಅನುಭವಿಸಿದವನು.

ಮೂಡಿಗೆರೆ ಕಡೆ ದೊಡ್ಡಪ್ಪನ ತೋಟದ ಆಫೀಸಿನಲ್ಲಿ ಇಂಥದ್ದೇ ಒಂದು 386 ಇತ್ತು. ರೈಟರು ಆಳುಗಳ ಚೆಕ್‌ರೋಲ್ (ಹಾಜರಿ ಪಟ್ಟಿ), ವಾರದ ಬಟವಾಡೆ ಲೆಕ್ಕ ಎಲ್ಲ ಅದರಲ್ಲೇ ಇಡುತ್ತಿದ್ದರು. ಚಿಕ್ಕಮಗಳೂರಿಗೆ ತಂದು ಬಿಚ್ಚಿದಾಗ ಸಿಪಿಯು ಮೇಲೆ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಕಂಡಿತು. 386ಕ್ಕೆ ಹೀಟ್‌ಸಿಂಕ್ ಇರುವುದೇ ಅಪರೂಪ. ನಿಮಗೂ ಅಲ್ಲೇ ಅನುಮಾನ ಬಂದಿರಬೇಕು.

ಡಿಸ್ಕ್ ಕರಕರ ಅನ್ನುತ್ತಿತ್ತು, ಮೇಲೆಲ್ಲ ಬೂಷ್ಟು. ಆದರೂ ಬೂಟ್ ಆಯಿತು. ಚೆಕ್‌ರೋಲ್ ಮೆನು ಬರುವ ಮೊದಲು ಸ್ಕ್ರೀನಿನಲ್ಲಿ ಏನೋ ಸಾಲುಗಳು ಓಡಿಹೋದವು. ಓದಲಿಲ್ಲ. ಡಿಸ್ಕನ್ನು ಗುಜರಿಗೆ ಹಾಕಿ, ಅದರ ಬದಲು ಸಿಎಫ್ ಮೆಮೊರಿ ಕಾರ್ಡ್ ಕೂರಿಸಿ ಡಾಸ್ 6.22 ಹಾಕಿದೆ. ಓಡಿತು, ಆದರೆ ಮಾಮೂಲಿ 386ಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಚಿಪ್ ಕೆಟ್ಟಿದೆ ಅಂದುಕೊಂಡು ರ್‍ಯಾಮ್ ಬದಲಾಯಿಸಿದೆ, ದುಡ್ಡು ಸುರಿದು ಬೇರೆ ಬೋರ್ಡನ್ನೇ ತರಿಸಿದೆ. ಅಲ್ಲೂ ಅದೇ ಕಥೆ.

ಹಾಸನದಲ್ಲಿ ಹಿಂದೆ ಕಂಪ್ಯೂಟರ್ ಸರ್ವಿಸ್ ಮಾಡುತ್ತಿದ್ದ ಹಿರಿಯರೊಬ್ಬರು ಫೋನಿನಲ್ಲೇ ಕೇಳಿದರು: "ಕ್ಯಾಶ್ ಆನ್ ಮಾಡೋ ಪ್ರೋಗ್ರಾಂ ಎಲ್ಲಯ್ಯಾ?" ಗುಜರಿಯಲ್ಲಿತ್ತು.

ನನ್ನ ಚಿಪ್ಪು ಸೈರಿಕ್ಸ್ ಕಂಪನಿಯ 486ಡಿಆರ್‌ಎಕ್ಸ್2. 386ಡಿಎಕ್ಸ್‌ನ 132 ಪಿನ್ ಸಾಕೆಟ್ಟಿಗೇ ಕೂರುತ್ತದೆ, ಬೋರ್ಡಿನ 25 ಮೆಗಾಹರ್ಟ್ಸನ್ನು ಒಳಗೆ 50 ಮಾಡಿಕೊಳ್ಳುತ್ತದೆ. ಆದರೆ ಒಳಗಿನ ವೇಗ ದುಪ್ಪಟ್ಟಾದರೂ ಡೇಟಾ ಬರುವುದು ಹಳೆಯ ಬಸ್ಸಿನಲ್ಲೇ, ಅಂದರೆ ಬೋರ್ಡಿನ ನಿಧಾನದ ದಾರಿಯಲ್ಲೇ. ಆ ಕಾಯುವಿಕೆ ತಪ್ಪಿಸುವುದಕ್ಕೇ ಒಳಗೆ 1 ಕಿಲೋಬೈಟ್ ಕ್ಯಾಶ್, ಅಂದರೆ ಪುಟ್ಟ ವೇಗದ ಮೆಮೊರಿ, ಇದೆ. ಪವರ್ ಕೊಟ್ಟಾಗ ಅದು ಆಫ್ ಆಗಿರುತ್ತದೆ. ಚಿಪ್ಪಿಗಿಂತ ಹಳೆಯ ಬಯಾಸ್‌ಗೆ (ಬೋರ್ಡಿನಲ್ಲೇ ಇರುವ ಸ್ಟಾರ್ಟಪ್ ಪ್ರೋಗ್ರಾಂ) ಅದನ್ನು ಆನ್ ಮಾಡುವುದು ಗೊತ್ತಿಲ್ಲ. ಪ್ರತಿ ಸಲ ಬೂಟ್ ಆದಾಗಲೂ ಒಂದು ಸಣ್ಣ ಪ್ರೋಗ್ರಾಂ ಆ ಕೆಲಸ ಮಾಡಬೇಕು. ಸ್ಕ್ರೀನಿನಲ್ಲಿ ಓಡಿಹೋದ ಸಾಲು ಅದೇ.

ಕ್ಯಾಶ್ ಸುಮ್ಮನೆ ಆನ್ ಮಾಡಿದರೂ ಆಗಲಿಲ್ಲ. ಫ್ಲಾಪಿ ಡಿಎಂಎ ಮೂಲಕ, ಅಂದರೆ ಸಿಪಿಯುವನ್ನು ದಾಟದೆ, ನೇರ ಮೆಮೊರಿಗೆ ಬರೆಯುತ್ತದೆ. ಅದು ಕ್ಯಾಶ್‌ಗೆ ಗೊತ್ತಾಗದಿದ್ದರೆ ಸಿಪಿಯು ಹಳಸಲು ಡೇಟಾ ಓದುತ್ತದೆ. ನನ್ನ ಫ್ಲಾಪಿ ಕಾಪಿಗಳೆಲ್ಲ ಕುಲಗೆಟ್ಟವು. ಚಿಪ್ಪಿನಲ್ಲಿ ಬಾರ್ಬ್ ಅನ್ನುವ ಬಿಟ್ (ಒಂದು ಸೆಟ್ಟಿಂಗ್) ಹಾಕಿ, ಬಸ್ ಬಿಟ್ಟುಕೊಡುವಾಗಲೆಲ್ಲ ಕ್ಯಾಶ್ ಖಾಲಿಯಾಗುವಂತೆ ಮಾಡಿದ ಮೇಲೆ ಸರಿಹೋಯಿತು. ಯಾವ ಬೋರ್ಡಿಗೆ ಯಾವ ಸೆಟ್ಟಿಂಗ್ ಅಂತ ಆ ಹಳೆಯ ಡಿಸ್ಕಿನಲ್ಲಿ ಬರೆದೇ ಇತ್ತಲ್ಲ ಅನ್ನೋದು ಈಗಲೂ ಹೊಟ್ಟೆ ಉರಿಸುತ್ತದೆ.

ಹಾಗಾಗಿ ಚಿಪ್ ಅಪರೂಪದ್ದಾ ಅನ್ನೋದನ್ನು ಪಕ್ಕಕ್ಕಿಡಿ. ನಿಮ್ಮ ಹತ್ತಿರ ಇರುವ ಅಪರೂಪದ ವಸ್ತು ಆ ಡಿಸ್ಕು. ಹೀಟ್‌ಸಿಂಕ್ ಮೀಟಲು ಹೋಗಬೇಡಿ, ಅಂಟು ಬಿಡುವ ಮೊದಲು ಪಿನ್ ಬಗ್ಗುತ್ತದೆ. ಬೋರ್ಡಿನ 3.6 ವೋಲ್ಟ್ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಇವತ್ತೇ ಕತ್ತರಿಸಿ. ನಮ್ಮ ಮಲೆನಾಡಿನ ಥಂಡಿಯಲ್ಲಿ ಸೋರಿದರೆ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಅದಕ್ಕೆ ಮೊದಲು ಬಯಾಸ್ ಸೆಟಪ್‌ನಲ್ಲಿರುವ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಬ್ಯಾಟರಿ ಹೋದರೆ ಅವು ಅಳಿಸಿಹೋಗುತ್ತವೆ, ಮತ್ತೆ ಹಾಕದಿದ್ದರೆ ಡಿಸ್ಕ್ ಬೂಟ್ ಆಗುವುದಿಲ್ಲ.

ಬೂಟ್ ಆದರೆ, ಶುರುವಿನಲ್ಲಿ ಡಾಸ್ ಓದುವ ಫೈಲುಗಳಾದ ಕಾನ್‌ಫಿಗ್.ಸಿಸ್, ಆಟೋಎಕ್ಸೆಕ್.ಬ್ಯಾಟ್ ಎರಡನ್ನೂ ಟೈಪ್ ಕಮಾಂಡಿನಲ್ಲಿ ತೆರೆದು ಮೊಬೈಲಿನಲ್ಲಿ ಫೋಟೋ ಹೊಡೆಯಿರಿ. ಅಷ್ಟು ಹಳೆಯ ಡಿಸ್ಕನ್ನು ಈಗಿನ ಯುಎಸ್‌ಬಿ ಅಡಾಪ್ಟರ್‌ಗಳು ಬಹಳ ಸಲ ಗುರುತಿಸುವುದೇ ಇಲ್ಲ. ಡಾಸ್ 6ರಲ್ಲಿ ಫೈಲ್ ಸಾಗಿಸುವ ಇಂಟರ್‌ಲಿಂಕ್ ಪ್ರೋಗ್ರಾಂ ಇದೆ, ಸೀರಿಯಲ್ ಕೇಬಲ್ ಹಾಕಿ ಇನ್ನೊಂದು ಹಳೆಯ ಪಿಸಿಗೆ ಎಲ್ಲ ಕಾಪಿ ಮಾಡಿ. ನಿಧಾನ, ರಾತ್ರಿ ಬಿಟ್ಟು ಮಲಗಿ.